ಹಾಳೆ ತಟ್ಟೆ: ಯಾವ ಸೈಜು ಮಾಡಲಿ, ಎಷ್ಟು ಹಾಳೆ ಇಡಲಿ?

ಪ್ರಶ್ನೆ: ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಸಣ್ಣ ಯುನಿಟ್. ನಾಲ್ಕು ಡೈ (ತಟ್ಟೆಯ ಅಚ್ಚು) ಇರುವ ಒಂದು ಪ್ರೆಸ್ಸು. ಕೆಲಸಕ್ಕೆ ನಾನು, ನನ್ನ ಹೆಂಡತಿ, ಮತ್ತೆ ಮೂರು ಜನ. 12 ಇಂಚಿನ ತಟ್ಟೆ, 10 ಇಂಚಿನ ತಟ್ಟೆ ಮತ್ತು ಬಟ್ಟಲು ಮಾಡುತ್ತೇವೆ. ಹಾಳೆ, ಕರೆಂಟು, ಪ್ಯಾಕಿಂಗ್ ಖರ್ಚು ಕಳೆದರೆ 12 ಇಂಚಿನದಕ್ಕೆ 3.20 ರೂ., 10 ಇಂಚಿನದಕ್ಕೆ 1.80 ರೂ., ಬಟ್ಟಲಿಗೆ 1 ರೂ. ಉಳಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹೆಚ್ಚು ಕಡಿಮೆ 12 ಇಂಚನ್ನೇ ಒತ್ತುತ್ತೇನೆ. ಆದರೂ ವರ್ಷದ ಕೊನೆಗೆ ಕೈಯಲ್ಲಿ ನಿಲ್ಲುವುದು ಅಷ್ಟಕ್ಕಷ್ಟೆ. ಕಳೆದ ವರ್ಷ ಮಳೆಗಾಲಕ್ಕೆ 70 ಸಾವಿರ ಹಾಳೆ ಕೂಡಿಟ್ಟಿದ್ದೆ, ಸೆಪ್ಟೆಂಬರ್ ಅರ್ಧಕ್ಕೇ ಮುಗಿಯಿತು. ಅದರ ಹಿಂದೊಮ್ಮೆ ಜಾಸ್ತಿ ಇಟ್ಟು ಬೂಷ್ಟು ಹಿಡಿಸಿಕೊಂಡಿದ್ದೆ. ಎಂಬಿಎ ಓದುತ್ತಿರುವ ಅಣ್ಣನ ಮಗ, ‘ಚಿಕ್ಕಪ್ಪ, ಇಒಕ್ಯೂ ಸೂತ್ರ ಹಾಕಿ, ಎಲ್ಲ ಸರಿಯಾಗುತ್ತದೆ’ ಎನ್ನುತ್ತಾನೆ. ನನಗೆ ಅದರ ತಲೆಬುಡ ಗೊತ್ತಾಗುವುದಿಲ್ಲ. ಯಾವ ಸೈಜು ಜಾಸ್ತಿ ಮಾಡಲಿ? ಮಳೆಗಾಲಕ್ಕೆ ಎಷ್ಟು ಹಾಳೆ ಇಡಲಿ? ಮುಂದೆ ಬೇಡಿಕೆ ಹೇಗೆ, ಇನ್ನೊಂದು ಪ್ರೆಸ್ಸು ತರಲಾ? ಕೂಲಿಯನ್ನೂ ಒಂದೊಂದು ತಟ್ಟೆಗೆ ಹಂಚಿ ಲೆಕ್ಕ ಹಾಕಬೇಕಾ ಮಾಷ್ಟ್ರೇ?

ಉತ್ತರ: ನಿಮ್ಮ ಪತ್ರಕ್ಕಿಂತ ಅದರ ಜೊತೆ ಕಳಿಸಿದ ಡೈರಿಯ ಫೋಟೋಗಳು ನನಗೆ ಜಾಸ್ತಿ ಖುಷಿ ಕೊಟ್ಟವು. ಯಾವ ಡೈಗೆ ಎಷ್ಟು ಸೆಕೆಂಡು, ಒಂದು ಹಾಳೆಯಲ್ಲಿ ಎಷ್ಟು ತಟ್ಟೆ, ಐದು ಮಳೆಗಾಲದಲ್ಲಿ ಎಷ್ಟು ಹಾಳೆಗೆ ಬೇಡಿಕೆ ಇತ್ತು ಎಂದು ನಿಮ್ಮ ಮನೆಯವರು ಬರೆದಿಟ್ಟಿದ್ದಾರೆ. ಅಕ್ಷರ ಅವರದೇ ಇರಬೇಕು, ನಿಮ್ಮ ಪತ್ರದ ಅಕ್ಷರಕ್ಕಿಂತ ಚಂದ ಉಂಟು. ಆ ಪುಟಗಳಿಲ್ಲದಿದ್ದರೆ ನಾನು ಸುಮ್ನೆ ಪಾಠ ಹೇಳಬೇಕಾಗುತ್ತಿತ್ತು.

ಕೂಲಿಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಹಂಚಬೇಡಿ. ನಿಮ್ಮ ಮೂವರಿಗೂ ದಿನಗೂಲಿ. ಅವರು ಆ ದಿನ ಬಟ್ಟಲು ಒತ್ತಿದರೂ ಅಷ್ಟೇ, ದೊಡ್ಡ ತಟ್ಟೆ ಒತ್ತಿದರೂ ಅಷ್ಟೇ. ಶೆಡ್ಡಿನ ಸಾಲದ ಕಂತಿಗೂ ನೀವು ಯಾವ ಸೈಜು ಮಾಡಿದಿರಿ ಎಂದು ಗೊತ್ತಿಲ್ಲ. ಯಾವ ದಾರಿ ಹಿಡಿದರೂ ಬದಲಾಗದ ಖರ್ಚು, ದಾರಿ ಆರಿಸುವ ಲೆಕ್ಕದಲ್ಲಿ ಬರಬಾರದು. ವರ್ಷದ ಕೊನೆಯ ಲಾಭನಷ್ಟಕ್ಕೆ ಅದು ಬೇಕು, ಬೆಳಿಗ್ಗೆ ಯಾವ ಡೈ ಹಾಕಲಿ ಎಂಬ ಪ್ರಶ್ನೆಗೆ ಬೇಡ. ಹಾಳೆ, ಕರೆಂಟು, ಪ್ಯಾಕಿಂಗ್ ಮಾತ್ರ ಕಳೆದು ನೀವು ತೆಗೆದ 3.20, 1.80, 1.00 ಸರಿಯಾಗಿಯೇ ಇದೆ.

ತಪ್ಪಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಒಂದು ತಟ್ಟೆಗೆ ಎಷ್ಟು ಉಳಿಯಿತು ಎಂದು ನೋಡಿದಿರಿ, ಹೆಚ್ಚು ಉಳಿಯುವುದನ್ನೇ ಮಾಡಿದಿರಿ. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ನಿಮಗೆ ಕಡಿಮೆ ಬಿದ್ದಿರುವುದು ತಟ್ಟೆಯಾ? ಅಲ್ಲ. ಬೇಸಿಗೆಯಲ್ಲಿ ಹಾಳೆ ಎಷ್ಟು ಬೇಕಾದರೂ ಸಿಗುತ್ತದೆ, ಕೊಳ್ಳುವವರೂ ಇದ್ದಾರೆ. ಪ್ರೆಸ್ಸಿಗೆ ಮಾತ್ರ ದಿನಕ್ಕೆ ಇಷ್ಟೇ ಹೊತ್ತು. ಮಳೆಗಾಲದಲ್ಲಿ ತಲೆಕೆಳಗು. ಪ್ರೆಸ್ಸು ಇದೆ, ಒಣ ಹಾಳೆ ಇಲ್ಲ. ಯಾವುದು ಕಡಿಮೆ ಬಿದ್ದಿದೆಯೋ ಅದರ ಒಂದು ಅಳತೆಗೆ ಎಷ್ಟು ಉಳಿಯುತ್ತದೆ ಎಂದು ನೋಡಬೇಕು. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತ.

ನಿಮ್ಮ ಡೈರಿಯ ಪ್ರಕಾರ ಹಾಳೆ ಇಟ್ಟು, ಒತ್ತಿ, ತೆಗೆದು, ಮುಂದಿನದು ಇಡುವವರೆಗೆ 12 ಇಂಚಿಗೆ 80 ಸೆಕೆಂಡು, 10 ಇಂಚಿಗೆ 40, ಬಟ್ಟಲಿಗೆ 30. ಈಗ ನಿಮಿಷಕ್ಕೆ ಎಷ್ಟು ಎಂದು ನೋಡಿ. 12 ಇಂಚು ನಿಮಿಷಕ್ಕೆ 2.40 ರೂ. ಕೊಡುತ್ತದೆ. 10 ಇಂಚು 2.70 ಕೊಡುತ್ತದೆ. ಬಟ್ಟಲು 2.00. ತಟ್ಟೆಯ ಲೆಕ್ಕದಲ್ಲಿ ಎರಡನೆಯ ಸ್ಥಾನದಲ್ಲಿದ್ದ 10 ಇಂಚು ನಿಮಿಷದ ಲೆಕ್ಕದಲ್ಲಿ ಮುಂದೆ ಬಂತು.

ಹಾಳೆಯ ಲೆಕ್ಕವನ್ನೂ ಹಾಕೋಣ. ನಿಮ್ಮಲ್ಲಿ ಒಂದು ಹಾಳೆಗೆ 12 ಇಂಚಿನದು ಒಂದು, 10 ಇಂಚಿನದು ಎರಡು, ಬಟ್ಟಲು ನಾಲ್ಕು. ಅಂದರೆ ಒಂದು ಹಾಳೆಯಿಂದ 12 ಇಂಚು 3.20 ರೂ. ಕೊಟ್ಟರೆ, 10 ಇಂಚು 3.60, ಬಟ್ಟಲು 4.00. ನೀವು ಕೀಳಾಗಿ ಕಂಡ ಬಟ್ಟಲು ಇಲ್ಲಿ ಎಲ್ಲರಿಗಿಂತ ಮೇಲೆ! ಅಳತೆಗೋಲು ಮೂರು, ಗೆದ್ದವರೂ ಮೂರು. ಯಾವ ಕೋಲು ಹಿಡಿಯಬೇಕು ಎಂಬುದನ್ನು ಕ್ಯಾಲೆಂಡರ್ ಹೇಳುತ್ತದೆ.

ಬೇಸಿಗೆಯದು ಸುಲಭ. ನಾಲ್ಕು ಡೈ, ಏಳು ಗಂಟೆ ಎಂದರೆ 1,680 ನಿಮಿಷ. ಡೈ ಬದಲಿಸುವುದು, ಕರೆಂಟು ಹೋಗುವುದು, ಚಹಾ ಎಲ್ಲ ಕಳೆದು 1,600 ಎಂದಿಟ್ಟುಕೊಳ್ಳೋಣ. 10 ಇಂಚಿನದು ದಿನಕ್ಕೆ 1,500ಕ್ಕಿಂತ ಹೆಚ್ಚು ಹೋಗುವುದಿಲ್ಲ, 12 ಇಂಚು ಎಷ್ಟು ಮಾಡಿದರೂ ಹೋಗುತ್ತದೆ ಎಂದು ಬರೆದಿದ್ದೀರಿ. ಹಾಗಾದರೆ ಮೊದಲು 1,500 ಹತ್ತು ಇಂಚಿನದು ಒತ್ತಿ. ಅದಕ್ಕೆ 1,000 ನಿಮಿಷ ಹೋಯಿತು. ಉಳಿದ 600 ನಿಮಿಷದಲ್ಲಿ 450 ಹನ್ನೆರಡು ಇಂಚು. ಕೈಗೆ ಬರುವುದು 2,700 ಮತ್ತು 1,440, ಒಟ್ಟು 4,140 ರೂ. ಬರೀ 12 ಇಂಚು ಒತ್ತಿದ ದಿನ 1,200 ತಟ್ಟೆ, 3,840 ರೂ. ವ್ಯತ್ಯಾಸ ದಿನಕ್ಕೆ 300 ರೂ. ಎರಡೂ ರೀತಿಯಲ್ಲಿ ಖರ್ಚಾಗುವ ಹಾಳೆ 1,200ವೇ, ಕೂಲಿಯೂ ಅದೇ. ಬ್ರಹ್ಮಕಲಶ, ಕೋಲ, ಮದುವೆ ಎಂದು ಮೇ ಕೊನೆಯ ಪತ್ತನಾಜೆಯವರೆಗೆ ನಿಮಗೆ ಬಿಡುವಿಲ್ಲದ ದಿನಗಳು ನೂರಾದರೂ ಇರುತ್ತವಲ್ಲ. ಅಲ್ಲಿಗೆ ಒಂದು ಸೀಸನ್ನಿಗೆ 30 ಸಾವಿರ ರೂಪಾಯಿ. ವರ್ಷದ ಕೊನೆಗೆ ಕೈಯಲ್ಲಿ ನಿಲ್ಲುವುದಿಲ್ಲ ಎಂದಿರಲ್ಲ, ಅದರಲ್ಲೊಂದು ಪಾಲು ಇಲ್ಲಿ ಸೋರುತ್ತಿದೆ.

ಇನ್ನು ಮಳೆಗಾಲ. ಇದೇ ನಿಜವಾಗಿ ತಲೆ ತಿನ್ನುವ ಭಾಗ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

ಮಳೆಗಾಲದಲ್ಲಿ ದಿನಕ್ಕೆ ಸಾವಿರ ಹಾಳೆ ಮಾತ್ರ ತೆಗೆಯುವುದು ಎಂದು ನೀವೇ ಪಡಿ ಕಟ್ಟಿಕೊಂಡಿದ್ದೀರಿ. ಪ್ರೆಸ್ಸಿನ 1,600 ನಿಮಿಷ ಹಾಗೆಯೇ ಇದೆ. ಹಾಳೆಯೇ ಕಡಿಮೆ, ಹಾಗಾಗಿ ಹಾಳೆಗೆ ಹೆಚ್ಚು ಕೊಡುವ ಬಟ್ಟಲನ್ನೇ ಒತ್ತೋಣ ಎಂದು ಹೊರಟರೆ ಏನಾಗುತ್ತದೆ? 3,200 ಬಟ್ಟಲಾಗುವಾಗ ಪ್ರೆಸ್ಸಿನ ಹೊತ್ತು ಮುಗಿಯಿತು, ಹಾಳೆ 200 ಉಳಿಯಿತು. ಸಿಕ್ಕಿದ್ದು 3,200 ರೂ. ಬರೀ 10 ಇಂಚು ಒತ್ತಿದರೆ? 2,000 ತಟ್ಟೆಗೆ ಹಾಳೆ ಮುಗಿಯಿತು, ಪ್ರೆಸ್ಸು ಸುಮಾರು 267 ನಿಮಿಷ ಖಾಲಿ ಕೂತಿತು. ಸಿಕ್ಕಿದ್ದು 3,600. ಅದೂ 2,000 ತಟ್ಟೆ ಮಾರಿಹೋದರೆ. ಒಂದರಲ್ಲಿ ಹಾಳೆ ಉಳಿಯುತ್ತದೆ, ಇನ್ನೊಂದರಲ್ಲಿ ಹೊತ್ತು ಉಳಿಯುತ್ತದೆ. ಎರಡೂ ಒಟ್ಟಿಗೆ ಮುಗಿಯುವ ಹಾಗೆ ಬೆರೆಸಬೇಕು. ಶಾಲೆಯಲ್ಲಿ ಕಲಿತ ಎರಡು ಸಮೀಕರಣ ಬಿಡಿಸಿದರೆ ಸಾಕು: 10 ಇಂಚು 1,200, ಬಟ್ಟಲು 1,600. ತಾಳೆ ನೋಡಿ. ತಟ್ಟೆಗೆ 800 ನಿಮಿಷ, ಬಟ್ಟಲಿಗೆ 800 ನಿಮಿಷ. ತಟ್ಟೆಗೆ 600 ಹಾಳೆ, ಬಟ್ಟಲಿಗೆ 400. ಎರಡೂ ಸರಿಯಾಗಿ ಮುಗಿಯಿತು. ಕೈಗೆ 2,160 ಮತ್ತು 1,600, ಒಟ್ಟು 3,760 ರೂ. ಬಟ್ಟಲನ್ನು ಮಂಗಳೂರು ಕಡೆಯ ವ್ಯಾಪಾರಿ ಎಷ್ಟಿದ್ದರೂ ಒಯ್ಯುತ್ತಾರೆ ಎಂದಿದ್ದೀರಿ, ಹಾಗಾಗಿ ಮಾರಾಟದ ತಲೆಬಿಸಿಯೂ ಇಲ್ಲ.

ಇದಕ್ಕೆ ಪುಸ್ತಕದ ಹೆಸರು ಲೀನಿಯರ್ ಪ್ರೋಗ್ರಾಮಿಂಗ್. ನಿಮ್ಮ ಕೆಲಸಕ್ಕೂ ಇದರ ಹುಟ್ಟಿಗೂ ಒಂದು ನಂಟಿದೆ, ಹೇಳದೆ ಇರಲಾರೆ. 1930ರ ದಶಕದ ಕೊನೆಗೆ ಲೆನಿನ್‌ಗ್ರಾಡಿನಲ್ಲಿ ಲಿಯೊನಿದ್ ಕಾಂಟೊರೊವಿಚ್ ಎಂಬ ಯುವ ಗಣಿತಜ್ಞನ ಬಳಿ ಪ್ಲೈವುಡ್ ತಯಾರಿಸುವವರು ಬಂದರು. ನಮ್ಮಲ್ಲಿ ಬೇರೆ ಬೇರೆ ಯಂತ್ರ, ಬೇರೆ ಬೇರೆ ಮರ, ಯಾವ ಮರವನ್ನು ಯಾವ ಯಂತ್ರಕ್ಕೆ ಕೊಟ್ಟರೆ ಉತ್ಪಾದನೆ ಹೆಚ್ಚು ಎಂದು ಕೇಳಿದರು. ಅದನ್ನು ಬಿಡಿಸಹೊರಟ ಅವನು 1939ರಲ್ಲಿ ಒಂದು ಸಣ್ಣ ಪುಸ್ತಕವನ್ನೇ ಬರೆದ. ಅಮೆರಿಕದಲ್ಲಿ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಇಂಥ ಲೆಕ್ಕಗಳನ್ನೆಲ್ಲ ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕೊಟ್ಟ. ಕಾಂಟೊರೊವಿಚ್‌ಗೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಟ್ಯಾಲಿಂಗ್ ಕೂಪ್ಮನ್ಸ್ ಜೊತೆ ಹಂಚಿಕೊಂಡು. ಅವರದು ಮರದ ಪದರ, ನಿಮ್ಮದು ಕಂಗಿನ (ಅಡಿಕೆ ಮರದ) ಹಾಳೆ. ಪ್ರಶ್ನೆ ಒಂದೇ.

ನಿಮ್ಮಲ್ಲಿ ಮೂರೇ ಸೈಜು, ಹಾಗಾಗಿ ಕಾಗದದಲ್ಲೇ ಆಗುತ್ತದೆ. ಏಳೆಂಟು ಸೈಜಾದರೆ ಕಂಪ್ಯೂಟರಿನಲ್ಲಿ ಎಕ್ಸೆಲ್ ಅಥವಾ ಲಿಬ್ರೆ ಆಫೀಸಿನೊಳಗೆ ಇಂಥ ಲೆಕ್ಕ ಬಿಡಿಸುವ ಸಾಲ್ವರ್ ಸಾಕು. ಅಣ್ಣನ ಮಗನಿಗೆ ಆ ಕೆಲಸ ಒಪ್ಪಿಸಿ.

ಕಾಂಟೊರೊವಿಚ್‌ನ ಪುಸ್ತಕದಲ್ಲಿ ಉತ್ತರಕ್ಕಿಂತ ಬೆಲೆಬಾಳುವ ಇನ್ನೊಂದು ವಸ್ತು ಇತ್ತು. ಇವತ್ತು ಅದಕ್ಕೆ ನೆರಳು ಬೆಲೆ ಎನ್ನುತ್ತಾರೆ. ಕಡಿಮೆ ಬಿದ್ದ ವಸ್ತು ಇನ್ನೊಂದು ಅಳತೆ ಸಿಕ್ಕಿದ್ದರೆ ನನಗೆ ಎಷ್ಟು ಹೆಚ್ಚು ಬರುತ್ತಿತ್ತು, ಅದೇ ನೆರಳು ಬೆಲೆ. ನಿಮ್ಮ ಮಳೆಗಾಲದ ಲೆಕ್ಕದಲ್ಲಿ ಹಾಳೆಯ ನೆರಳು ಬೆಲೆ 2.80 ರೂ., ಪ್ರೆಸ್ಸಿನ ಒಂದು ನಿಮಿಷದ್ದು 60 ಪೈಸೆ. ನಂಬಿಕೆ ಬರದಿದ್ದರೆ ಹಾಳೆಯನ್ನು 1,000ದ ಬದಲು 1,100 ಎಂದು ಹಾಕಿ ಮತ್ತೆ ಬಿಡಿಸಿ. 10 ಇಂಚು 1,800, ಬಟ್ಟಲು 800 ಬರುತ್ತದೆ, ಒಟ್ಟು 4,040 ರೂ. ನೂರು ಹಾಳೆಗೆ 280 ರೂ. ಹೆಚ್ಚಾಯಿತು.

ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ಎಷ್ಟೋ ಜಗಳ ತಾನಾಗಿ ಮುಗಿಯುತ್ತದೆ.

ಆಗಸ್ಟಿನಲ್ಲಿ ಬದಿಯಡ್ಕ ಕಡೆಯಿಂದ ಯಾರೋ ಒಣ ಹಾಳೆ ಉಂಟು, 4 ರೂ. ಕೊಡಿ ಎಂದು ಬಂದರೆ? ಬೇಸಿಗೆಯಲ್ಲಿ 2 ರೂಪಾಯಿಗೆ ಸಿಗುವುದನ್ನು 4ಕ್ಕೆ ಯಾರು ತಗೊಳ್ತಾರೆ ಎಂದು ಕಳಿಸಿಬಿಡಬೇಡಿ. ನಿಮ್ಮ ಲೆಕ್ಕದಲ್ಲಿ ಹಾಳೆಯ ಬೆಲೆ 2 ರೂ. ಎಂದು ಆಗಲೇ ಕಳೆದಿದೆ. ಅದರ ಮೇಲೆ 2.80. ಹಾಗಾಗಿ ಆ ದಿನಗಳಲ್ಲಿ ಒಳ್ಳೆಯ ಒಣ ಹಾಳೆಗೆ 4.80 ರೂಪಾಯಿವರೆಗೆ ಕೊಟ್ಟರೂ ನಷ್ಟವಿಲ್ಲ. 4 ರೂ. ಅಗ್ಗವೇ. ಆದರೆ ಈ ಮಾತು ದಿನಕ್ಕೆ 800ರಿಂದ 1,200 ಹಾಳೆಯವರೆಗೆ ಮಾತ್ರ ನಿಲ್ಲುತ್ತದೆ. 1,200 ದಾಟಿದರೆ ಪ್ರೆಸ್ಸಿಗೆ ಹೊತ್ತಿಲ್ಲ, ಆಮೇಲೆ ಬಂದ ಹಾಳೆ ಶೆಡ್ಡಿನಲ್ಲಿ ಜಾಗ ತಿನ್ನುತ್ತದೆ, ಅಷ್ಟೆ. 10 ಇಂಚಿನದು ಮಳೆಗಾಲದಲ್ಲೂ 1,500ಕ್ಕಿಂತ ಹೋಗದಿದ್ದರೆ ಇನ್ನೂ ಮೊದಲೇ, 1,050ರ ಹತ್ತಿರವೇ, ಈ ಬೆಲೆ ಇಳಿಯುತ್ತದೆ. ಆಮೇಲೆ ಬರುವ ಹಾಳೆಯಲ್ಲಿ ಬಟ್ಟಲನ್ನು ತಗ್ಗಿಸಿ 12 ಇಂಚು ಒತ್ತಬೇಕಾಗುತ್ತದೆ. ಹಾಗಾಗಿ ದಿನಕ್ಕೆ ಐವತ್ತು ಹಾಳೆ ಹೆಚ್ಚಾಗುವಷ್ಟು ತೆಗೆದುಕೊಳ್ಳಿ, ಲಾರಿ ತುಂಬ ಬೇಡ.

ಸಂಜೆ ಒಂದು ಗಂಟೆ ಓವರ್‌ಟೈಮ್ ಮಾಡಿಸಲಾ? ನಾಲ್ಕು ಡೈ, 240 ನಿಮಿಷ. ಮಳೆಗಾಲದಲ್ಲಿ ನಿಮಿಷಕ್ಕೆ 60 ಪೈಸೆಯಂತೆ 144 ರೂ. ಬಂತು. ಮೂರು ಜನಕ್ಕೆ ಒಂದು ಗಂಟೆಯ ಹೆಚ್ಚಿನ ಕೂಲಿ ಅದಕ್ಕಿಂತ ಜಾಸ್ತಿ. ಬೇಡ, ಮನೆಗೆ ಕಳಿಸಿ. ಬೇಸಿಗೆಯಲ್ಲಿ ಅದೇ ಒಂದು ಗಂಟೆಯಲ್ಲಿ 180 ಹನ್ನೆರಡು ಇಂಚಿನ ತಟ್ಟೆ ಬರುತ್ತದೆ, 576 ರೂ. ಆಗ ಮಾಡಿಸಬಹುದು.

ಇನ್ನು ನಿಮ್ಮ ಹಳೆಯ ಗಿರಾಕಿ ಜುಲೈಯಲ್ಲಿ ಬಂದು 200 ಹನ್ನೆರಡು ಇಂಚು ಬೇಕು ಎಂದರೆ? ಒಂದು 12 ಇಂಚಿಗೆ 80 ಸೆಕೆಂಡು, ಅಂದರೆ 80 ಪೈಸೆಯ ಹೊತ್ತು. ಒಂದು ಹಾಳೆ, 2.80. ಒಟ್ಟು 3.60ರ ವಸ್ತು ತಿಂದು 3.20 ಕೊಡುತ್ತದೆ. ತಟ್ಟೆಗೆ 40 ಪೈಸೆ ಕಳೆದುಕೊಳ್ಳುತ್ತೀರಿ, 200 ತಟ್ಟೆಗೆ 80 ರೂ. ಹಳೆಯ ಗಿರಾಕಿಯ ಮುಖ ನೋಡಿ 80 ರೂ. ಬಿಡಬಹುದು. ಇಲ್ಲವೇ, ಮಳೆಗಾಲದ ರೇಟು ಅರ್ಧ ರೂಪಾಯಿ ಜಾಸ್ತಿ ಎಂದು ಹೇಳಬಹುದು. ಎರಡೂ ಸರಿಯೇ. ಎಷ್ಟು ಬಿಟ್ಟುಕೊಡುತ್ತಿದ್ದೇನೆ ಎಂದು ತಿಳಿದು ಬಿಡುವುದು ಬೇರೆ, ತಿಳಿಯದೆ ಬಿಡುವುದು ಬೇರೆ.

ಈಗ ಎರಡನೆಯ ಪ್ರಶ್ನೆ. ಮಳೆಗಾಲಕ್ಕೆ ಎಷ್ಟು ಹಾಳೆ?

ಇಒಕ್ಯೂ ಬಗ್ಗೆ ಅಣ್ಣನ ಮಗನಿಗೆ ಬೇಸರ ಮಾಡಬೇಡಿ. ಒಂದು ಸಲಕ್ಕೆ ಎಷ್ಟು ತರಿಸಿದರೆ ಒಟ್ಟು ಖರ್ಚು ಕಡಿಮೆ ಎಂದು ಹೇಳುವ ಸೂತ್ರ ಅದು, ಒಳ್ಳೆಯದೇ. ಅಮೆರಿಕದ ಇಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲಿ ಬರೆದದ್ದು, ನೂರು ವರ್ಷ ದಾಟಿದರೂ ಕೆಲಸ ಮಾಡುತ್ತಿದೆ. ಆದರೆ ಅದು ಹೊರಡುವುದೇ ಎರಡು ನಂಬಿಕೆಯ ಮೇಲೆ: ವಸ್ತು ದಿನಾಲೂ ಒಂದೇ ಸಮನೆ ಖರ್ಚಾಗುತ್ತದೆ, ಬೇಕೆಂದಾಗ ತರಿಸಬಹುದು. ಹಾಳೆಗೆ ಎರಡನೆಯ ಮಾತೇ ಸಲ್ಲುವುದಿಲ್ಲ. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿಯಿತೆಂದರೆ ತೋಟದಲ್ಲಿ ಬಿದ್ದ ಹಾಳೆ ಅಲ್ಲೇ ಕೊಳೆಯುತ್ತದೆ. ಒಣಗಿಸಲು ಅಂಗಳದಲ್ಲಿ ಬಿಸಿಲಿಲ್ಲ. ಮತ್ತೆ ನವೆಂಬರ್ ಬರಬೇಕು. ಮೇ ತಿಂಗಳಲ್ಲಿ ಒಂದೇ ಸಲ ತೀರ್ಮಾನ, ಆಮೇಲೆ ಐದು ತಿಂಗಳು ಅದರ ಫಲ ಉಣ್ಣುವುದು.

ಈ ತೀರ್ಮಾನ ನಮ್ಮ ಕಡೆಯ ಅಜ್ಜಿಯಂದಿರಿಗೆ ಹೊಸದಲ್ಲ. ಬೇಸಿಗೆಯಲ್ಲಿ ಹಲಸು ಬಿಡಿಸಿ ಉಪ್ಪುಸೊಳೆ ಹಾಕುವಾಗ ಎಷ್ಟು ಭರಣಿ ಎಂದು ನನ್ನ ಅಜ್ಜಿ ದಿನವಿಡೀ ಲೆಕ್ಕ ಹಾಕುತ್ತಿದ್ದರು. ಕಡಿಮೆಯಾದರೆ ಆಟಿ ತಿಂಗಳಲ್ಲಿ, ಮಳೆ ಬಿಡದೆ ಸುರಿಯುವಾಗ, ಪಲ್ಯಕ್ಕೆ ಏನೂ ಇಲ್ಲ. ಜಾಸ್ತಿಯಾದರೆ ಭರಣಿಯ ತಳದಲ್ಲಿ ಉಳಿದದ್ದು ವಾಸನೆ ಬಂದು ತೆಂಗಿನ ಬುಡಕ್ಕೆ. ಎರಡು ನೋವನ್ನು ತೂಗಿ ನೋಡಿ ‘ಇನ್ನೊಂದು ಭರಣಿ ಇರಲಿ’ ಎನ್ನುತ್ತಿದ್ದರು. ಅವರಿಗೆ ಉಳಿಯುವ ನೋವಿಗಿಂತ ಸಾಲದೆ ಹೋಗುವ ನೋವು ದೊಡ್ಡದು.

ಪುಸ್ತಕದಲ್ಲಿ ಇದಕ್ಕೆ ಪೇಪರ್ ಮಾರುವವನ ಲೆಕ್ಕ ಎನ್ನುತ್ತಾರೆ. ಬೆಳಿಗ್ಗೆ ತಂದ ಪೇಪರ್ ಸಂಜೆಗೆ ರದ್ದಿ. ಸಾಲದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ. ಹಾಗಾದರೆ ಎಷ್ಟು ತರಬೇಕು? ಇಂಥದೇ ಪ್ರಶ್ನೆಯನ್ನು 1888ರಷ್ಟು ಹಿಂದೆಯೇ ಎಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ ಬ್ಯಾಂಕು ಎಷ್ಟು ನಗದು ಇಟ್ಟುಕೊಳ್ಳಬೇಕು ಎಂದು ಕೇಳಿದ್ದ. ಉತ್ತರ ಒಂದೇ ಸಾಲಿನದು. ಒಂದು ಕಡಿಮೆಯಾದರೆ ಆಗುವ ನಷ್ಟವನ್ನು, ಕಡಿಮೆಯಾದರೆ ಆಗುವ ನಷ್ಟ ಮತ್ತು ಹೆಚ್ಚಾದರೆ ಆಗುವ ನಷ್ಟ ಎರಡೂ ಸೇರಿದ ಮೊತ್ತದಿಂದ ಭಾಗಿಸಿ. ಬಂದ ಪಾಲು ಎಷ್ಟೋ, ಅಷ್ಟು ಪಾಲು ವರ್ಷಗಳಲ್ಲಿ ಸಾಲುವಷ್ಟು ಇಡಿ.

ನಿಮ್ಮದಕ್ಕೆ ಹಾಕೋಣ. ಒಂದು ಹಾಳೆ ಕಡಿಮೆಯಾದರೆ ಎಷ್ಟು ಹೋಗುತ್ತದೆ? ನೆರಳು ಬೆಲೆ 2.80. ಮೊದಲೇ ಅದನ್ನು ಕಂಡುಹಿಡಿದದ್ದು ಇಲ್ಲಿ ಉಪಯೋಗಕ್ಕೆ ಬಂತು. ಒಣಗಿಸಿ, ಕಟ್ಟಿ, ಟಾರ್ಪಾಲು ಹೊದಿಸಿ ಅಟ್ಟಕ್ಕೇರಿಸುವ ಖರ್ಚು ಹಾಳೆಗೆ 50 ಪೈಸೆ ಎಂದಿದ್ದೀರಿ, ಅದನ್ನು ಕಳೆದರೆ 2.30. ಒಂದು ಹಾಳೆ ಹೆಚ್ಚಾದರೆ? 2 ರೂ. ಮತ್ತು 50 ಪೈಸೆ ಹೋಯಿತು. ಆದರೆ ಉಳಿದದ್ದರಲ್ಲಿ ಅರ್ಧ ನವೆಂಬರಿನಲ್ಲೂ ಕೆಲಸಕ್ಕೆ ಬರುತ್ತದೆ ಎಂದು ಡೈರಿಯಲ್ಲಿದೆ. ಅಂದರೆ ಹಾಳೆಗೆ 1 ರೂ. ವಾಪಸು. ನಷ್ಟ 1.50. ಈಗ 2.30ನ್ನು 3.80ರಿಂದ ಭಾಗಿಸಿ. ಸುಮಾರು 0.6. ಹತ್ತು ಮಳೆಗಾಲದಲ್ಲಿ ಆರರಲ್ಲಿ ಸಾಲುವಷ್ಟು, ನಾಲ್ಕರಲ್ಲಿ ಸಾಲದಷ್ಟು.

ನಿಮ್ಮ ಐದು ಮಳೆಗಾಲದ ಬೇಡಿಕೆ, ಬಂದು ವಾಪಸು ಹೋದ ಆರ್ಡರೂ ಸೇರಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಹೀಗೆ: 78 ಸಾವಿರ, 85 ಸಾವಿರ, 92 ಸಾವಿರ, 96 ಸಾವಿರ, 1 ಲಕ್ಷದ 10 ಸಾವಿರ. ಐದರಲ್ಲಿ ಮೂರನ್ನು ಪೂರೈಸುವ ಗೆರೆ 92 ಸಾವಿರದಲ್ಲಿದೆ, 0.6ಕ್ಕೆ ಕೂದಲೆಳೆ ಮೇಲಿದ್ದೇವೆ. ಹಾಗಾಗಿ 92ರಿಂದ 96 ಸಾವಿರದ ನಡುವೆ. 95 ಸಾವಿರ ಇಡಿ ಎನ್ನುತ್ತೇನೆ ನಾನು. ಐದು ವರ್ಷದ ಸಂಖ್ಯೆ ಇಂಥ ಲೆಕ್ಕಕ್ಕೆ ಕಡಿಮೆಯೇ. ಆದರೂ ಕಳೆದ ವರ್ಷದ ನಿಮ್ಮ 70 ಸಾವಿರಕ್ಕೆ ಯಾವ ಆಧಾರವೂ ಇರಲಿಲ್ಲ. ಐದರಲ್ಲಿ ಒಂದು ಮಳೆಗಾಲಕ್ಕೂ ಅದು ಸಾಲುತ್ತಿರಲಿಲ್ಲ! ಹಿಂದೊಮ್ಮೆ ಬೂಷ್ಟು ಬಂದ ಹೆದರಿಕೆಗೆ ಕೈ ಬಿಗಿ ಹಿಡಿದಿರಿ, ಅಲ್ವಾ? ಹೋದ ವರ್ಷ ಯಾವುದು ಕೈ ಸುಟ್ಟಿತೋ ಅದಕ್ಕೆ ಹೆದರಿ ಈ ವರ್ಷ ಎದುರು ದಿಕ್ಕಿಗೆ ಓಡುವುದು ಎಲ್ಲ ವ್ಯಾಪಾರದಲ್ಲೂ ಉಂಟು. ನಾನೇ ಮಾಡಿದ್ದೇನೆ. ಒಂದು ವರ್ಷ ಅಡಿಕೆ ಬೇಗ ಕೊಟ್ಟು ರೇಟು ಏರಿತೆಂದು ಮರುವರ್ಷ ಅಟ್ಟದಲ್ಲೇ ಇಟ್ಟೆ. ರೇಟು ಇಳಿಯಿತು, ಕುತ್ತವೂ ಹಿಡಿಯಿತು. ಆ ದಿನಗಳಲ್ಲಿ ನಾನು ಕಾಲೇಜಿನಲ್ಲಿ ಇದೇ ವಿಷಯ ಪಾಠ ಮಾಡುತ್ತಿದ್ದೆ.

ಇಲ್ಲಿ ಒಂದು ಕಿವಿಮಾತು. 1.50 ಎಂಬ ನಷ್ಟ ನಿಂತಿರುವುದು ನಿಮ್ಮ ಅಟ್ಟದ ಮೇಲೆ. ಗಾಳಿಯಾಡುವ ಅಟ್ಟ, ನೆಲದಿಂದ ಎತ್ತರದಲ್ಲಿ ಹಲಗೆ, ಪೂರ್ತಿ ಒಣಗಿದ ಹಾಳೆ ಇದ್ದು ನವೆಂಬರಿಗೆ ಮುಕ್ಕಾಲು ಪಾಲು ಉಳಿದರೆ ನಷ್ಟ 1 ರೂಪಾಯಿಗೆ ಇಳಿಯುತ್ತದೆ. ಪಾಲು 0.7ಕ್ಕೆ ಏರುತ್ತದೆ. ಆಗ 96 ಸಾವಿರ ಧೈರ್ಯವಾಗಿ ಇಡಬಹುದು. ಎದುರಾಗಿ, ಶೆಡ್ಡು ಸೋರಿ ಎಲ್ಲ ಹೋಗುವ ಹಾಗಿದ್ದರೆ ನಷ್ಟ 2.50, ಪಾಲು 0.5ಕ್ಕಿಂತ ಕೆಳಗೆ. ಆಗ 90ರ ಆಸುಪಾಸು ಸಾಕು. ಸೂತ್ರಕ್ಕಿಂತ ಮೊದಲು ಮಾಡಿನ ಶೀಟು ನೋಡಿ ಎನ್ನುವುದು ಅದಕ್ಕೇ.

ಹಾಗಾದರೆ ಇಒಕ್ಯೂ ಎಲ್ಲಿಗೆ? ನಿಮ್ಮ ಪ್ಯಾಕಿಂಗ್ ಕವರಿಗೆ. ವರ್ಷವಿಡೀ ಖರ್ಚಾಗುತ್ತದೆ, ಬೇಕೆಂದಾಗ ಸಿಗುತ್ತದೆ. ವರ್ಷಕ್ಕೆ 20 ಸಾವಿರ ಕವರು, ಒಂದು ಸಲ ಹೋಗಿ ತರಲು 400 ರೂ., ಕವರಿಗೆ 2 ರೂ., ಅದರಲ್ಲಿ ಸಿಕ್ಕಿಬಿದ್ದ ದುಡ್ಡಿಗೆ ಮತ್ತು ಹಾಳಾಗುವುದಕ್ಕೆ ವರ್ಷಕ್ಕೆ 40 ಪೈಸೆ. ವರ್ಷಕ್ಕೆ ಬೇಕಾದ ಕವರಿನ ಸಂಖ್ಯೆಯನ್ನು ಒಂದು ಸಲದ ಓಡಾಟದ ಖರ್ಚಿನಿಂದ ಗುಣಿಸಿ, ಎರಡರಿಂದ ಗುಣಿಸಿ, 40 ಪೈಸೆಯಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 6,300. ವರ್ಷಕ್ಕೆ ಮೂರು ಸಲ. ನೀವು 9,000 ತಂದರೂ ಆಕಾಶ ಬೀಳುವುದಿಲ್ಲ. ವರ್ಷಕ್ಕೆ ಸುಮಾರು 160 ರೂ. ಜಾಸ್ತಿ, ಅಷ್ಟೆ. ಈ ಸೂತ್ರದ ಗೆರೆ ತಳದಲ್ಲಿ ಚಪ್ಪಟೆ, ಬಾಣಲೆಯ ಹಾಗೆ. ಸ್ವಲ್ಪ ಆಚೀಚೆ ಆದರೆ ತೊಂದರೆ ಇಲ್ಲ. ಕಾಸರಗೋಡು ಪೇಟೆಗೆ ಬೇರೆ ಕೆಲಸಕ್ಕೆ ಹೋದ ದಿನ ತನ್ನಿ.

ನೀವು ಕೇಳದ ಒಂದು ವಿಷಯವನ್ನೂ ಡೈರಿಯಲ್ಲಿ ನೋಡಿದೆ. ಜುಲೈಯಲ್ಲಿ ಶೆಡ್ಡಿನಲ್ಲಿ 33,600 ತಟ್ಟೆ, ಬಟ್ಟಲು ರಾಶಿ ಇತ್ತು, ದಿನಕ್ಕೆ 2,800 ಹೊರಗೆ ಹೋಗುತ್ತಿತ್ತು ಎಂದಿದೆ. ಭಾಗಿಸಿದರೆ 12 ದಿನ. ಒತ್ತಿದ ತಟ್ಟೆ ಶೆಡ್ಡು ಬಿಡುವ ಮೊದಲು ಸರಾಸರಿ 12 ದಿನ ಆಟಿಯ ತೇವದಲ್ಲಿ ಕೂರುತ್ತದೆ. ಗಿರಾಕಿ ಬೂಷ್ಟು ಎಂದು ವಾಪಸು ಮಾಡಿದ್ದಕ್ಕೆ ಡೈಯ ಬಿಸಿ ಸಾಲದು ಎಂದು ಮೆಕ್ಯಾನಿಕ್ಕನ್ನು ಕರೆಸಿದ್ದೀರಿ. ಅದೂ ಇರಬಹುದು. ಆದರೆ ಮೊದಲು ರಾಶಿಯನ್ನು ಅರ್ಧ ಮಾಡಿ ನೋಡಿ. ಆರೇ ದಿನ ಕೂತರೆ ಬೂಷ್ಟಿಗೂ ಅಷ್ಟು ಸಮಯ ಸಿಗುವುದಿಲ್ಲ. ಒಳಗಿರುವ ರಾಶಿ ಎಂದರೆ ದಿನದ ಹರಿವು ಗುಣಿಸು ಕಾಯುವ ದಿನ. ಬ್ಯಾಂಕಿನ ಸಾಲಿಗೂ ಆಸ್ಪತ್ರೆಯ ಟೋಕನಿಗೂ ಸಲ್ಲುವ ಈ ನಿಯಮವನ್ನು ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ. ಮೊದಲು ಬಂದದ್ದು ಮೊದಲು ಹೋಗಲಿ ಎಂಬುದನ್ನೂ ನೋಡಿಕೊಳ್ಳಿ. ಸಾಮಾನ್ಯವಾಗಿ ಮುಂದಿರುವ ಹೊಸ ಕಟ್ಟು ಕೈಗೆ ಸಿಗುತ್ತದೆ, ಗೋಡೆ ಬದಿಯ ಹಳೆಯದು ಅಲ್ಲೇ ಕಪ್ಪಾಗುತ್ತದೆ.

ಬೇಡಿಕೆ ಮುಂದೆ ಹೇಗೆ ಎಂದೂ ಕೇಳಿದ್ದಿರಿ, ಇನ್ನೊಂದು ಪ್ರೆಸ್ಸು ತರಲಾ ಎಂದು. ಕೇರಳದಲ್ಲಿ 2020ರ ಜನವರಿ 1ರಿಂದ, ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗೆ ನಿಷೇಧ ಬಂದದ್ದು ನಿಮ್ಮ ಕಸುಬಿಗೆ ಒಳ್ಳೆಯದೇ ಆಯಿತು. ಆದರೆ ಪ್ರೆಸ್ಸು ತರಬೇಕೋ ಬೇಡವೋ ಎಂದು ಹೇಳುವುದು ನಿಷೇಧವಲ್ಲ, ನಿಮಿಷದ ಬೆಲೆ. ಬೇಸಿಗೆಯ ನೂರು ಚಿಲ್ಲರೆ ದಿನ ನಿಮಿಷಕ್ಕೆ 2.40, ಮಳೆಗಾಲದ ನೂರು ದಿನ ಬರೀ 60 ಪೈಸೆ. ಎರಡನೆಯ ಪ್ರೆಸ್ಸು ತಂದರೆ ಮಳೆಗಾಲದಲ್ಲಿ ಆ 60 ಪೈಸೆಯೂ ಸೊನ್ನೆಯ ಕಡೆ ಇಳಿಯುತ್ತದೆ, ಯಾಕೆಂದರೆ ಹಾಳೆ ಅಷ್ಟೇ ಇದೆ. ಆ ದುಡ್ಡಿನ ಸಣ್ಣ ಪಾಲಿನಲ್ಲಿ ಒಳ್ಳೆಯ ಅಟ್ಟ ಆಗುತ್ತದೆ. ಈ ವರ್ಷ ಅಟ್ಟ, ಪ್ರೆಸ್ಸು ಆಮೇಲೆ ನೋಡೋಣ.

ಕೊನೆಗೆ ಒಂದು ಕೆಲಸ ಕೊಡುತ್ತೇನೆ. ನಿಮ್ಮ 80 ಸೆಕೆಂಡು ನನಗೆ ಅನುಮಾನ. 10 ಇಂಚಿನ ಎರಡರಷ್ಟು ಹೊತ್ತು 12 ಇಂಚಿಗೆ ಯಾಕೆ ಬೇಕು? ಡೈ ಹಳೆಯದಾಗಿ ಅಂಚು ಸರಿಯಾಗಿ ಕತ್ತರಿಸದೆ ಕೈಯಿಂದ ಬಿಡಿಸುತ್ತಿರಬಹುದು. ಇಲ್ಲವೇ ನೆನೆಸಿದ ಹಾಳೆಯ ನೀರು ಬಸಿಯುವ ಮೊದಲೇ ಇಡುತ್ತಿರಬಹುದು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರಲ್ಲ, ಐವತ್ತು ತಟ್ಟೆಯ ಹೊತ್ತು ಅಳೆಯಿರಿ, ಬೆಳಿಗ್ಗೆ ಅರ್ಧ, ಊಟದ ನಂತರ ಅರ್ಧ. ಅದು 70 ಸೆಕೆಂಡಿಗೆ ಇಳಿಯಿತು ಎಂದಿಟ್ಟುಕೊಳ್ಳಿ. ಆಗ 12 ಇಂಚು ನಿಮಿಷಕ್ಕೆ 2.74 ಕೊಡುತ್ತದೆ, 10 ಇಂಚಿನ 2.70ನ್ನು ದಾಟಿತು. ಬೇಸಿಗೆಗೆ ನಾನು ಮೇಲೆ ಹೇಳಿದ್ದೆಲ್ಲ ತಿರುಗಿಬೀಳುತ್ತದೆ, ನೀವು ಮೊದಲಿನಿಂದ ಮಾಡುತ್ತಿದ್ದದ್ದೇ ಸರಿಯಾಗುತ್ತದೆ. ಮಳೆಗಾಲದ ಉತ್ತರ ಮಾತ್ರ ಹಾಗೆಯೇ ನಿಲ್ಲುತ್ತದೆ. ಅಳೆದು ಬರೆಯಿರಿ. ಡೈರಿಯಲ್ಲಿ ಬರೆಯುವ ಕೆಲಸ ಮಾತ್ರ ನಿಮ್ಮ ಮನೆಯವರಿಗೇ ಇರಲಿ.